ಬುಲೆಟ್ಟಿಗೆ ಬೆಳಗಿದ ಆರತಿ

॥ ಶ್ರೀ ವೀರಭದ್ರೇಶ್ವರ ಪ್ರಸನ್ನ ॥

ಜುಗೂಳ, ರವಿವಾರ
೧೮-೪-೧೯೯೩

ಸತ್ತಿಯಲ್ಲಿರುವ ನನ್ನ ತಮ್ಮ ಅಣ್ಣಾಸಾಬನಿಗೆ ಅಕ್ಕ ಚನ್ನವ್ವ ಬರೆಯುವುದು.

ನಾವು ಇಲ್ಲಿ ಇದ್ದೇವೆ. 'ಕ್ಷೇಮದಿಂದ ಇದ್ದೇವೆ' ಅಂತ ಬರೆಯಬೇಕು, ಸಾಲಿಯಲ್ಲಿ ಹಾಗೇ ಕಲಿಸಿದ್ದಾರೆ. ಆದರೆ ಈಗಷ್ಟೇ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಕುಂತಿದ್ದೇನೆ. ಈ ಕೈಯಿಂದ ಸುಳ್ಳು ಬರೆಯಬಾರದು. ಅದಕ್ಕೆ ಬರೇ ಇದ್ದೇವೆ ಅಂತ ಬರೆದೆ. ಅಷ್ಟು ಖರೆ.

ನಿನ್ನ ಮಗಳು ಸುಂದರಾಳ ಲಗ್ನಪತ್ರಿಕೆ ಮುಟ್ಟಿತು. ನಿನ್ನ ಮನೆಯ ಆಳು ಭರಮು ಮೊನ್ನೆ ತಂದುಕೊಟ್ಟ. ಮೂಲೆಗಳಿಗೆ ಅರಿಷಿಣ ಹಚ್ಚಿದ್ದು ಚಂದ ಇತ್ತು, ತಾರವ್ವನ ಕೈ ಇರಬೇಕು. ಪತ್ರಿಕೆಯ ಜೋಡಿ ನೀನು ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದನ್ನೂ ಭರಮು ಹೇಳಿದ. ಕಟ್ಟೆಯ ಮೇಲೆ ಕುಂತು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ನೆಲ ನೋಡುತ್ತ ಹೇಳಿದ: "ಅಕ್ಕಾರ, ಧಣ್ಯಾರು ಅಂದಾರ್ರಿ, ತೊಟ್ಟಲದಾಗ ಹೆಸರಿಟ್ಟಾಕಿ ಅಕ್ಕ. ಸುಂದರಾ ಗಂಡನ ಮನಿಗೆ ಹೊಂಟಾಗ ಜೋಡಿಗೆ, ಗಾಡಿಗೆ ಆರತಿ ಬೆಳಗಾಕಿನೂ ಅಕ್ಕನಽ ಆಗಬೇಕು ಅಂತ. ನಿಪ್ಪಾಣಿ ಬೀಗರು ಕೇಳಾಕತ್ತಾರಂತ್ರಿ, ಸೋದರತ್ತಿ ಬರತಾಳೊ ಇಲ್ಲೊ ಅಂತ."

ಗಾಡಿಗೆ ಆರತಿ. ಅದೇ ಬುಲೆಟ್ ಗಾಡಿಗೆ. ಅಣ್ಣಾಸಾಬ, ಆ ಮಾತು ಹೇಳಿ ಕಳಿಸುವಾಗ ನಿನ್ನ ನಾಲಿಗೆ ಒಣಗಲಿಲ್ಲೇನು?

ಬಾಯಿಮಾತಿಗೆ ಬಾಯಿಮಾತೇ ತಿರುಗಿ ಕಳಿಸಬಹುದಿತ್ತು. ಆದರೆ ಭರಮು ಪಾಪದವ. ನನ್ನ ಮಾತು ಅವನ ಬಾಯಿಂದ ಬಂದರೆ ನಿನ್ನ ಸಿಟ್ಟು ಅವನ ಮೇಲೆ ಬೀಳುತ್ತದೆ. ಅದಕ್ಕೆ ನಾನೇ ಬರೆಯುತ್ತೇನೆ. ಏಳನೆಯ ಇಯತ್ತೆ ಕಲಿತವಳು, ಅಕ್ಷರ ತಪ್ಪಿದ್ದರೆ ತಿದ್ದಿ ಓದಿಕೋ. ಮಾತಿನಲ್ಲಿ ಸುಳ್ಳು ಕಂಡರೆ ಮಾತ್ರ ಬಂದು ತೋರಿಸು.

ಸುಂದರಾಳನ್ನು ತೊಟ್ಟಿಲಿಗೆ ಹಾಕಿದ ದಿನ ನೆನಪು ಮಾಡಿಕೋ. ನಾನು ಬಗ್ಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಅಂದು ಹೆಸರು ಹೇಳಿದೆ. ಓಣಿಯ ಹೆಂಗಸರು ಪದ್ಧತಿಯಂತೆ ನನ್ನ ಬೆನ್ನಿಗೆ ದಬದಬ ಗುದ್ದಿದರು. ಬಾಣಂತಿ ತಾರವ್ವ ಒಳಗಿನಿಂದ, "ಮೆತ್ತಗ ಗುದ್ದರ್ಯೆವಾ, ನಾಳೆ ನನಗ ಬೀಗಿತ್ತಿ ಆಗಾಕಿ" ಅಂತ ನಕ್ಕಳು. ಆಗ ನೀನು ನನ್ನ ಮಗ ವಿರುಪಾಕ್ಷಿಯನ್ನು ಎತ್ತಿಕೊಂಡು ಬಂದಿ. ಅವನಿಗಿನ್ನೂ ಚಡ್ಡಿಯ ಲಾಡಿ ಕಟ್ಟಿಕೊಳ್ಳಲಿಕ್ಕೆ ಬರುತ್ತಿರಲಿಲ್ಲ. ತೊಟ್ಟಿಲ ಹಗ್ಗ ಅವನ ಕೈಗೆ ಕೊಟ್ಟು, "ತೂಗಲೇ, ನಿನ್ನ ಹೇಣ್ತಿನ್ನ ನೀನಽ ತೂಗು" ಅಂದಿ. ಎಲ್ಲರೂ ನಕ್ಕರು.

ಅದು ನಗಿಚಾಟಿಕೆಯ ಮಾತು ಅಂತ ಈಗ ನೀನು ಅನ್ನಬಹುದು. ಅನ್ನು. ಆದರೆ ಅದಾದ ಮೇಲೆ ನಮ್ಮವ್ವ ದೇವರ ಜಗುಲಿಯಿಂದ ವಿಭೂತಿಯ ಗಟ್ಟಿ ತಂದು ನಿನ್ನ ಮುಂದೆ ಹಿಡಿದಳು. ನೀನು ಅದನ್ನು ಮುಟ್ಟಿ, "ಯಡೂರ ವೀರಭದ್ರನ ಸಾಕ್ಷಿ, ನನ್ನ ಮಗಳು ಅಕ್ಕನ ಮನಿಗೇ" ಅಂದಿ. ಆಗ ಯಾರೂ ನಗಲಿಲ್ಲ. ನೀನೂ ನಗಲಿಲ್ಲ.

ಅವತ್ತಿನಿಂದ ಇಪ್ಪತ್ತು ವರ್ಷ ನಾವು ಬೇರೆ ಹೆಣ್ಣು ನೋಡಲಿಲ್ಲ. ರಾಯಬಾಗದಿಂದ ಬಂದರು, ಕಾಗವಾಡದಿಂದ ಬಂದರು. "ಹುಡುಗಗ ಹೆಣ್ಣು ಗೊತ್ತಾಗೈತ್ರಿ" ಅಂತ ಹೇಳಿ ಚಹಾ ಕುಡಿಸಿ ಕಳಿಸಿದೆ. ಸುಂದರಾ ಮೈನೆರೆದಾಗ ಹಸಿರು ಸೀರೆ ತಂದು ಉಡಿಸಿದವಳು ನಾನು. ಅದೆಲ್ಲ ಎಣಿಸಿ ಹೇಳುವುದಿಲ್ಲ. ಎಣಿಸಿದರೆ ಅದು ಬಳಗ ಆಗುವುದಿಲ್ಲ, ವ್ಯಾಪಾರ ಆಗುತ್ತದೆ.

ವಿರುಪಾಕ್ಷಿಯ ಸಣ್ಣ ಹೀರೋ ಹೊಂಡಾ ನಿನಗೆ ಗೊತ್ತು. ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವುದು ಅದರ ಮೇಲೆ, ಕಬ್ಬಿಗೆ ಗೊಬ್ಬರ ತರುವುದು ಅದರ ಮೇಲೆ, ಪ್ರತಿ ಅಮಾವಾಸಿಗೆ ನನ್ನನ್ನು ಯಡೂರಿಗೆ ಕರೆದೊಯ್ಯುವುದೂ ಅದರ ಮೇಲೆ. ಮೊದಲ ಸಲ ಅವನು ಅದನ್ನು ನಿನ್ನ ಬಾಗಿಲಿಗೆ ತಂದಾಗ ನೀನು ಕಟ್ಟೆಯ ಮೇಲೆ ಎಲೆ ಹಾಕುತ್ತ ಕುಂತಿದ್ದಿ. "ಏನಲೇ ಅಳಿಯಾ, ಹೊಲಿಗಿ ಮಶೀನ್ ತಂದಿಯಲ್ಲ! ಗಾಡಿ ಅಂದ್ರ ಸಪ್ಪಳಕ್ಕ ಎದಿ ನಡಗಬೇಕು" ಅಂತ ಅಣಗಿಸಿದಿ. ಅವನು ನಕ್ಕು, "ಇರಲಿ ಬಿಡ್ರಿ ಮಾಮಾ, ಹೊಲಿಗಿ ಮಶೀನ್ ಹರದದ್ದ ಹೊಲಿತೈತಿ, ಎದಿ ನಡಗಸೂದು ಏನ ಹೊಲಿತೈತಿ?" ಅಂದ. ಒಳಗೆ ಸುಂದರಾ ಬಾಯಿಗೆ ಸೆರಗು ಹಿಡಿದು ನಕ್ಕಿದ್ದು ನಾನು ನೋಡಿದೆ. ನೀನೂ ನೋಡಿದಿ.

ಆದರೂ ಗಂಡುಹುಡುಗ ಗಂಡುಹುಡುಗನೇ. ಅಥಣಿಯ ರಸ್ತೆಯಲ್ಲಿ ಬುಲೆಟ್ ಹಾದು ಹೋದರೆ ಗಾಡಿ ನಿಲ್ಲಿಸಿ ಅದು ಮರೆಯಾಗುವ ತನಕ ನೋಡುತ್ತಿದ್ದ. ಬಾಯಿಬಿಟ್ಟು ಒಂದು ದಿನವೂ ಬೇಡಿರಲಿಲ್ಲ. ನಾನೇ ವೀರಭದ್ರನ ಮುಂದೆ ಬೇಡಿಕೊಂಡಿದ್ದೆ, ಇವನ ಹೌಸು ಒಮ್ಮೆ ತೀರಿಸಪ್ಪಾ ಅಂತ. ದೇವರ ಹತ್ತಿರ ಅಂಥಾ ಸಣ್ಣದು ಬೇಡಬಾರದಿತ್ತೇನೋ.

ಹೋದ ದಸರೆಯ ಖಂಡೇಪೂಜೆಗೆ ನೀನು ಹೇಳಿ ಕಳಿಸಿದಿ, ಎಲ್ಲರೂ ಬರ್ರಿ, ಅಕ್ಕನ ಕೈಲೆ ಒಂದು ಪೂಜಿ ಆಗೂದೈತಿ ಅಂತ. ಬಂದು ನೋಡಿದರೆ ಅಂಗಳದಲ್ಲಿ ಕರೀ ಬುಲೆಟ್. ಟಾಕಿಯ ಮೇಲೆ ಬಂಗಾರದ ಗೆರೆ. ಮನೆಗೆ ಹೊಸ ಹೋರಿ ತಂದಾಗ ನಿಲ್ಲಿಸುತ್ತಾರಲ್ಲ, ಹಾಗೆ ಹೂವಿನ ಹಾರ ಹಾಕಿ ನಿಲ್ಲಿಸಿದ್ದಿ. ಮನೆಮಗಳು ನಾನು, ಗಾಡಿಯ ದೊಡ್ಡ ದೀಪಕ್ಕೆ ಕುಂಕುಮ ಹಚ್ಚಿದೆ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟೆ, ಆರತಿ ಬೆಳಗಿದೆ. ಬೆಳಗುವಾಗ ಮನಸ್ಸಿನಲ್ಲಿ ಯಾರ ಹೆಸರು ಹೇಳಿದೆ ಅನ್ನುವುದು ನಿನಗೆ ಗೊತ್ತಿತ್ತು. ಎದುರಿಗೇ ನಿಂತಿದ್ದಿ. ಆರತಿಯ ಬೆಳಕು ನಿನ್ನ ಮುಖದ ಮೇಲೂ ಬಿದ್ದಿತ್ತು.

ಕಾಯಿ ಒಡೆದ ಮೇಲೆ ಚಾವಿಯನ್ನು ಎಲ್ಲರ ಮುಂದೆ ವಿರುಪಾಕ್ಷಿಯ ಕೈಯಲ್ಲಿಟ್ಟು, "ತಗೋ. ಹೊಸಾ ಇಂಜಿನ್ ಐತಿ, ಮೊದಲಿನ ಒಂದೆರಡು ಸಾವಿರ ಕಿಲೋಮೀಟರ್ ಮೆತ್ತಗ ಹೊಡದು ಹದಕ್ಕ ತಗೊಂಡ ಬಾ. ನಿನ್ನ ಬಿಟ್ಟರ ಇಷ್ಟ ತಾಳ್ಮಿ ಯಾರಿಗೈತಿ? ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ" ಅಂದಿ. ಭರಮು ಹಲಗೆ ಬಾರಿಸಿದ. ಮಂದಿ ಪೇಢೆ ತಿಂದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅಪ್ಪ ಇಲ್ಲದ ನನ್ನ ತವರಿನಲ್ಲಿ ತಮ್ಮ ಅಪ್ಪನ ಹಾಗೆ ನಿಂತ ಅಂತ.

ಆಮೇಲೆ ಇನ್ನೊಂದು ಮಾತು ಅಂದಿ. "ಒಂದ ಬಾಗಲಕ್ಕ ಎರಡ ಗಾಡಿ ಯಾಕ? ಆ ಹೊಲಿಗಿ ಮಶೀನ್ ಇಲ್ಲೇ ಬಿಡು, ಭರಮು ದ್ರಾಕ್ಷಿ ತ್ವಾಟಕ್ಕ ಅಡ್ಡಾಡ್ಲಿ." ವಿರುಪಾಕ್ಷಿ ಮರುಮಾತಿಲ್ಲದೆ ಸಣ್ಣ ಗಾಡಿಯ ಚಾವಿ ತೆಗೆದು ಭರಮುವಿನ ಕೈಯಲ್ಲಿಟ್ಟ. ಇಟ್ಟು, ಅದರ ಸೀಟಿನ ಮೇಲೆ ಒಮ್ಮೆ ಕೈ ಆಡಿಸಿದ.

ತಿರುಗಿ ಬರುವಾಗ ಬಸ್ಸಿನಲ್ಲಿ ನಿಮ್ಮ ಮಾವ, ನಮ್ಮ ಮನೆಯವರು, ನನ್ನ ಪಕ್ಕ ಕುಂತಿದ್ದರು. ಕಾಗವಾಡ ದಾಟಿದ ಮೇಲೆ, "ಚನ್ನವ್ವಾ, ಅಣ್ಣಾಸಾಬ ಇದು ಯಾರ ಗಾಡಿ ಅಂತ ಬಾಯಿಬಿಟ್ಟ ಹೇಳಿದ್ನೇನು?" ಅಂತ ಕೇಳಿದರು. ನನಗೆ ಸಿಟ್ಟು ಬಂತು. "ತವರಮನಿ ಅಂದ್ರ ನಿಮಗ ಸಂಶೇನಽ. ಚಾವಿ ಕೈಯಾಗಿಟ್ಟ ಮ್ಯಾಲ ಬಾಯಿ ಯಾಕ ಬೇಕ್ರಿ?" ಅಂದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ ವಿರುಪಾಕ್ಷಿ ಗಾಡಿಯ ಮುಂದೆ ದೇವರ ಹೆಸರು ಬರೆಸುತ್ತೇನೆ ಅಂದಾಗ ನೀನು, "ಈಗ ಬ್ಯಾಡ, ಲಗ್ನ ಆಗಲಿ, ಆಮ್ಯಾಲ ಬರಸೂಣು" ಅಂದಿ. ಆಗಲಾದರೂ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಒಡಹುಟ್ಟಿದವರ ಮಾತನ್ನು ಕಲ್ಲು ಆರಿಸಿ ಉಣ್ಣುವುದು ನಮ್ಮವ್ವ ಕಲಿಸಿರಲಿಲ್ಲ.

ಆ ಗಾಡಿಯನ್ನು ಅವನು ಹೇಗೆ ಹದ ಮಾಡಿದ ಅನ್ನುವುದು ನಿನಗೆ ಗೊತ್ತಿಲ್ಲ. ಸಣ್ಣ ಗಾಡಿಗೆ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಬುಲೆಟ್ಟಿಗೆ ಎಲ್ಲ ತಿರುವುಮುರುವು, ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮೊದಲ ದಿನವೇ ಬ್ರೇಕು ಒತ್ತಲಿಕ್ಕೆ ಹೋಗಿ ಗೇರು ಒತ್ತಿ ಕಬ್ಬಿನ ಕಾಲುವೆಗೆ ಇಳಿದ. ಆಮೇಲೆ ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡು, ಇಂಜಿನ್ ಚಾಲೂ ಮಾಡದೆ, ಅದರ ಮೇಲೆ ಕುಂತು ಕಾಲಿಗೆ ಪಾಠ ಹೇಳುತ್ತಿದ್ದ. "ಬಲಗಾಲು ಗೇರು, ಎಡಗಾಲು ಬ್ರೇಕು. ಬಲಗಾಲು ಗೇರು, ಎಡಗಾಲು ಬ್ರೇಕು." ನಾನು ತುಳಸಿಗೆ ನೀರು ಹಾಕುತ್ತ, "ಏನಪಾ, ಜಪ ಎಲ್ಲೀತನಾ ಬಂತು?" ಅಂದರೆ, "ಅವ್ವಾ, ಕಾಲಿಗೆ ಬುದ್ಧಿ ಬರಾಕ ತಲಿಕಿಂತ ತಡಾ ಆಗತೈತಿ" ಅನ್ನುತ್ತಿದ್ದ. ಕಿಕ್ ಹೊಡೆಯುವಾಗ ಅದು ಎಮ್ಮೆಯ ಹಾಗೆ ತಿರುಗಿ ಒದೆಯುತ್ತಿತ್ತು. ಮೊಣಕಾಲ ಕೆಳಗೆ ನೀಲಿಗಟ್ಟಿದ್ದಕ್ಕೆ ಎಷ್ಟೋ ಸಲ ಅರಿಷಿಣ ಹಚ್ಚಿದ್ದೇನೆ.

ಒಮ್ಮೆಯೂ ಜೋರು ಓಡಿಸಲಿಲ್ಲ. ಸೈಕಲ್ಲಿನವರು ಮುಂದೆ ಹೋಗಿ ತಿರುಗಿ ನೋಡಿ ನಗುತ್ತಿದ್ದರು. ಸ್ವಲ್ಪ ದೂರ ಹೋಗುವುದು, ಜಾಲಿಗಿಡದ ನೆರಳಿನಲ್ಲಿ ನಿಲ್ಲಿಸುವುದು, ಇಂಜಿನ್ ತಣ್ಣಗಾಗುವ ತನಕ ಕುಂತಿರುವುದು. "ಹೊಸಾ ಇಂಜಿನ್ ಬಾಣಂತಿ ಇದ್ದಂಗವ್ವಾ, ಒಮ್ಮೆಲೆ ಗಾಳಿಗೆ ಬಿಡಬಾರದು" ಅನ್ನುತ್ತಿದ್ದ. ಅವನ ಗೆಳೆಯರು, "ಲೇ, ಒಮ್ಮೆ ತಿರುವಲೇ, ನೋಡೂಣು" ಅಂದರೆ, "ಲಗ್ನ ಆಗಲಿ, ಸುಂದರಾನ್ನ ಕೂಡಿಸಿಕೊಂಡು ಅಥಣಿ ದಾರ್ಯಾಗ ಒಮ್ಮೆ ಬಿಡತೀನಿ, ಆವಾಗ ನೋಡೀರಂತ" ಅಂತ ಹೇಳಿದ್ದನಂತೆ. ಅದು ನನಗೆ ಆಮೇಲೆ ತಿಳಿಯಿತು. ತಿಳಿಯದಿದ್ದರೆ ಚೊಲೊ ಇತ್ತು.

ಶಿವರಾತ್ರಿ ಆದ ಮೇಲಿನ ಅಮಾವಾಸಿಗೆ ನಾವಿಬ್ಬರೂ ಯಡೂರಿಗೆ ಹೊರಟೆವು. ಸೇತುವೆಯ ಮೇಲೆ ಸುತ್ತುಹಾಕಿ ಹೋಗಬಹುದು. ಆದರೆ ನಮ್ಮ ಅಮಾವಾಸಿ ಯಾವಾಗಲೂ ನಾವೆಯ ದಾರಿಯದು. ನಾವೆಯ ತುಕಾರಾಮ ಬುಲೆಟ್ ನೋಡಿ ನೀರಿಗೇ ಇಳಿದು ನಿಂತ. "ಅಕ್ಕಾರ, ಆ ಹಳೇ ಗಾಡಿ ಕೋಳಿ ಎತ್ತಿದಂಗ ಎತ್ತಿ ಒಗೀತಿದ್ನಿ. ಇದು ಎಮ್ಮಿ ಐತ್ರೆಪಾ!" "ದೇವರ ಕೆಲಸ ತುಕಾರಾಮ, ಹೆಂಗಾರ ದಾಟಸು" ಅಂದೆ. "ಹಂಗಾರ ಆ ವೀರಭದ್ರಗಽ ಒಂದ ಕಡೆ ಹಿಡಿ ಅನ್ರಿ" ಅಂದ ಆ ಪುಣ್ಯಾತ್ಮ. ದಂಡೆಯಲ್ಲಿದ್ದವರು ಕೂಡಿ ಎತ್ತಿದರು. ನಾವೆಯ ಅಂಚು ನೀರಿಗೆ ಬೆರಳಷ್ಟು ಉಳಿಯಿತು. ವಿರುಪಾಕ್ಷಿ ನಡುಹೊಳೆಯ ತನಕ ಗಾಡಿಯನ್ನು ತಬ್ಬಿಕೊಂಡೇ ನಿಂತಿದ್ದ. ನಾನು ನಗುತ್ತಿದ್ದೆ, ಅಣ್ಣಾಸಾಬ. ಆ ದಿನ ಹೊಳೆ ದಾಟುವಾಗ ನಾನು ನಗುತ್ತಿದ್ದೆ.

ಗುಡಿಯಲ್ಲಿ ಮಂಗಳಾರತಿಗೆ ಇನ್ನೂ ಹೊತ್ತಿತ್ತು. ಕಂಬಕ್ಕೆ ಆತು ಕುಂತೆ. ಪಕ್ಕದಲ್ಲಿ ಒಬ್ಬಾಕೆ, ನನ್ನ ವಯಸ್ಸಿನವಳೇ, ಮರಾಠಿ ಬೆರೆಸಿ ಮಾತಾಡುವಾಕೆ, ಹೆಸರು ಗಂಗೂಬಾಯಿ. ತಾನಾಗಿಯೇ ಮಾತು ತೆಗೆದಳು. "ನಮ್ಮದು ನಿಪ್ಪಾಣಿರಿ. ನಮ್ಮ ಅಕ್ಕನ ಪೋರಂದು ಲಗ್ನ ಪಕ್ಕಾ ಆಗೈತಿ, ದೇವರಿಗೆ ಎಲಿ ಅಡಕಿ ಇಡಾಕ ಬಂದೀವಿ. ಹುಡಗಿ ಸತ್ತಿದು. ಅಣ್ಣಾಸಾಬ ಅಂತ, ದ್ರಾಕ್ಷಿ ಬಾಗಾಯತದಾರ, ಅವರ ಮಗಳು. ಫಾರ್ ಛಾನ್ ಮಂದಿ. ಹುಡಗಗ ಬುಲೆಟ್ ಕೊಡಾಕತ್ತಾರು."

ಸತ್ತಿಯಲ್ಲಿ ಬೇರೆ ಅಣ್ಣಾಸಾಬ ಇದ್ದಾನೇನು ಅಂತ ನನ್ನ ತಲೆ ಹುಡುಕುತ್ತಿತ್ತು. ಆಕೆ ನಿಲ್ಲಿಸಲಿಲ್ಲ. "ನಮ್ಮ ಪೋರಗ ದಮ್ಮಽ ಇಲ್ಲರಿ ಬಾಯಿ. ಹೊಸಾ ಗಾಡಿ ಕೈಗೆ ಸಿಕ್ಕರ ಅವತ್ತಽ ಕೊಲ್ಲಾಪುರಕ್ಕ ಹಾರಸ್ತಾನ, ಇಂಜಿನ್ ಖಲಾಸ್. ಅದಕ್ಕ ಬೀಗರಿಗೆ ದಸರಾದಾಗಽ ಹೇಳೀವಿ, ಲಗ್ನ ಆಗೂದರೊಳಗ ಯಾರಾದರೂ ತಾಳ್ಮಿ ಮನಶಾನ ಕಡೆ ಮೆತ್ತಗ ಹೊಡಿಸಿ, ಹದಾ ಮಾಡಿಸಿ ಕೊಡ್ರಿ ಅಂತ. ಅವರ ಬಳಗದಾಗ ಒಬ್ಬ ಹುಡಗ ಅದಾನಂತ, ಭೋಳಾ, ಹೇಳಿದ್ದ ನಂಬಾಂವ. ಅಂವಾ ಹೊಡ್ಯಾಕತ್ತಾನ. ಅಂವಗೂ ನಾಕ ದಿನಾ ಹೌಸ್ ಆತು, ನಮ್ಮ ಗಾಡೀನೂ ಹದಾ ಆತು." ಅಂದು, ನನ್ನ ಮುಖ ನೋಡಿ, "ನಿಮಗ ಮಕ್ಕಳೆಷ್ಟರಿ?" ಅಂತ ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಮಂಗಳಾರತಿಯ ಜಾಗಟೆ ಬಡಿಯಿತು. ಅದು ವೀರಭದ್ರ ನನ್ನ ಮಾನ ಕಾಯ್ದದ್ದು.

ಆ ಹೆಣ್ಣುಮಗಳ ಮೇಲೆ ನನಗೆ ಸಿಟ್ಟಿಲ್ಲ. ಹೋಗುವಾಗ ತನ್ನ ಪ್ರಸಾದದಲ್ಲಿ ಅರ್ಧ ನನಗೆ ಕೊಟ್ಟಳು. ನೀನು ನನ್ನಿಂದ ಐದು ತಿಂಗಳು ಮುಚ್ಚಿಟ್ಟದ್ದನ್ನು ಗುರುತಿಲ್ಲದಾಕೆ ಪ್ರಸಾದದ ಜೋಡಿ ಕೈಯಲ್ಲಿಟ್ಟು ಹೋದಳು.

ಹೊರಗೆ ಬಂದರೆ ವಿರುಪಾಕ್ಷಿ ಬೇವಿನಗಿಡದ ಕೆಳಗೆ ಹೆಗಲ ಮೇಲಿನ ಟವೆಲಿನಿಂದ ಗಾಡಿಯ ದೀಪ ಒರೆಸುತ್ತಿದ್ದ. ನನ್ನನ್ನು ನೋಡಿ ಮುಖ ಅರಳಿಸಿದ. "ಅವ್ವಾ, ದನಿ ಕೇಳಿದೇನು ಬರುವಾಗ? ಬದಲಾಗೈತಿ. ಇಂಜಿನ್ ಇವತ್ತ ಹದಕ್ಕ ಬಂತು ನೋಡು. ಇನ್ನ ಎಷ್ಟ ಜೋರ ಬಿಟ್ಟರೂ ಏನೂ ಆಗಂಗಿಲ್ಲ."

ನಾನು ಹಿಂದಿನ ಸೀಟಿಗೆ ಹತ್ತಿ ಕುಂತೆ. ತಿರುಗಿ ನಾವೆಯಲ್ಲಿ, ನಡುಹೊಳೆಗೆ ಬಂದ ಮೇಲೆ ಹೇಳಿದೆ. ದಂಡೆಯ ಮೇಲೆ ಹೇಳಿದ್ದರೆ ಅವನು ಹಾಗೇ ಸತ್ತಿಯ ದಾರಿ ಹಿಡಿದಾನು, ಸಿಟ್ಟಿನಲ್ಲಿ ಏನಾದರೂ ಮಾಡಿಕೊಂಡಾನು ಅಂತ ಹೆದರಿಕೆ. ಅವನು ಪೂರಾ ಕೇಳಿದ. ಗಾಡಿಯ ಹ್ಯಾಂಡಲು ಹಿಡಿದ ಕೈ ಸಡಿಲು ಮಾಡಲಿಲ್ಲ. ನನಗೆ ಒಂದು ಗಳಿಗೆ ಅನ್ನಿಸಿತು, ಬಿಟ್ಟುಬಿಡು, ಹೊಳೆಗೆ ಹೋಗಲಿ ಅಂತ. ಬಾಯಿಯಿಂದಲೂ ಬಂತು: "ಬಿಡು ಅದನ್ನ." ಅವನು ತಲೆ ಅಲ್ಲಾಡಿಸಿ, "ಗಾಡೀದು ಏನ ತಪ್ಪೈತವ್ವಾ?" ಅಂದ. ಅಷ್ಟೇ.

ಮರುದಿನ ಗಾಡಿಯನ್ನು ತೊಳೆದ. ಕಡ್ಡಿಗೆ ಅರಿವೆ ಸುತ್ತಿ ಗಾಲಿಯ ಸಂದಿಯಲ್ಲಿನ ಕೆಸರು ತೆಗೆದ. ಸತ್ತಿಗೆ ಒಯ್ದು ನಿನ್ನ ಅಂಗಳದಲ್ಲಿ ನಿಲ್ಲಿಸಿ, ಚಾವಿ ಕಟ್ಟೆಯ ಮೇಲಿಟ್ಟು ಬಂದ. ನೀನು ಮನೆಯಲ್ಲೇ ಇದ್ದಿಯಂತೆ, ಹೊರಗೆ ಬರಲಿಲ್ಲವಂತೆ. ಬಸ್ಸಿನಿಂದ ಇಳಿದು ಬಂದವನಿಗೆ ನೀರು ಕೊಟ್ಟು ಕೇಳಿದೆ, "ಹೋಗುವಾಗರೆ ಒಮ್ಮೆ ಜೋರ ಹೊಡದ್ಯೇನಪಾ?" ನೀರು ಕುಡಿದು ತಂಬಿಗೆ ಕೆಳಗಿಟ್ಟ. "ಇನ್ನೊಬ್ಬರ ಗಾಡಿ ಅವ್ವಾ" ಅಂದ.

ಅಣ್ಣಾಸಾಬ, ಆ ಮಾತು ಕೇಳಿದ ಮೇಲೆಯೇ ನಾನು ನಿನ್ನ ಮನೆಗೆ ಬಂದದ್ದು. ನೀನು ನನ್ನನ್ನು ಕೂಡ್ರು ಅನ್ನಲಿಲ್ಲ. "ನಾ ಏನ ಸುಳ್ಳ ಹ್ಯಾಳೀನಿ? ಗಾಡಿ ನಿನ್ನ ಮಗಂದು ಅಂತ ಒಂದ ದಿನಾರೆ ಅಂದೀನೇನು?" ಅಂತ ನನ್ನನ್ನೇ ಕೇಳಿದಿ. "ಜುಗೂಳದಾಗ ಏನೈತಿ? ಹೊಳಿ ಏರಿದರ ಅಡಗಿಮನಿಯಾಗ ನೀರು. ನಿಪ್ಪಾಣ್ಯಾಗ ಮಜಲಿ ಮನಿ, ತಂಬಾಕದ ವಖಾರಿ. ತಂದ್ಯಾದಾವ ಮಗಳ ಸುಖ ನೋಡಬಾರದೇನು?" ಅಂದಿ.

ನೋಡಬೇಕು. ಮಗಳ ಸುಖ ನೋಡುವುದು ತಂದೆಯ ಧರ್ಮ. ನೀನು ದಸರೆಯಲ್ಲಿ ನನ್ನ ಮುಂದೆ ಕುಂತು, "ಅಕ್ಕಾ, ಮಾತ ಕೊಟ್ಟಿದ್ನಿ, ನಡಸಾಕ ಆಗವಲ್ಲದು, ಮನಸ್ಸು ಬದಲಾತು" ಅಂದಿದ್ದರೆ ನಾನು ನಾಲ್ಕು ದಿನ ಅಳುತ್ತಿದ್ದೆ. ನಿನ್ನನ್ನು ಬೈಯುತ್ತಿದ್ದೆ. ಐದನೆಯ ದಿನ ಬಂದು ಸುಂದರಾಳ ಲಗ್ನಕ್ಕೆ ಶಾವಿಗೆ ಹೊಸೆಯುತ್ತಿದ್ದೆ. ಹೆಣ್ಣು ಕೊಡಲಿಲ್ಲ ಅನ್ನುವುದು ನನ್ನ ಎದೆಯಲ್ಲಿ ನಿಂತ ಮುಳ್ಳಲ್ಲ. ಎಷ್ಟೋ ಮಂದಿಯ ಮಾತು ಮುರಿಯುತ್ತದೆ, ಬಳಗ ಉಳಿಯುತ್ತದೆ.

ನೀನು ಸುಳ್ಳು ಹೇಳಲಿಲ್ಲ, ಖರೆ. ಸುಳ್ಳು ಹೇಳಿದ್ದರೆ ನಾನು ಹಿಡಿಯುತ್ತಿದ್ದೆ, ಸಣ್ಣಾಂವ ಇದ್ದಾಗಿನಿಂದ ನಿನ್ನ ಸುಳ್ಳು ಹಿಡಿದವಳು. ನೀನು ಸುಮ್ಮನಿದ್ದಿ. ನಾನು ಆರತಿ ಬೆಳಗುವಾಗ ಸುಮ್ಮನಿದ್ದಿ. ನನ್ನ ಮಗ ನಿನ್ನ ಕಾಲಿಗೆ ಬೀಳುವಾಗ ಸುಮ್ಮನಿದ್ದಿ. ಸಂಕ್ರಾಂತಿಗೆ ನಾನು ಸುಂದರಾಳಿಗೆ ಸೊಸೆಯ ಹಸಿರು ಬಳೆ ಇಡಿಸಿದಾಗ, ಬಳೆಗಾರ ಅಳತೆ ನೋಡುವಾಗ, ಅಲ್ಲೇ ಕುಂತು ಸುಮ್ಮನಿದ್ದಿ. ನಿನಗೆ ಬೀಗರ ಗಾಡಿ ಹದ ಮಾಡಲಿಕ್ಕೆ ತಾಳ್ಮೆಯ ಹುಡುಗ ಬೇಕಾಗಿತ್ತು. ಊರಿನಲ್ಲಿ ಕೂಲಿಗೆ ಸಿಗುತ್ತಿದ್ದರು. ಆದರೆ ಕೂಲಿಯವನು ತನ್ನದು ಅಂತ ಓಡಿಸುವುದಿಲ್ಲ. ತನ್ನದು ಅಂತ ನಂಬಿದವನೇ ಅಷ್ಟು ಜೋಪಾನ ಮಾಡುತ್ತಾನೆ. ಅದು ನಿನಗೆ ಗೊತ್ತಿತ್ತು. ಅದಕ್ಕೇ ನನ್ನ ಮಗನ ನಂಬಿಗೆಯನ್ನು ಎತ್ತಿನ ಹಾಗೆ ಹೂಡಿಕೊಂಡಿ. ಹೊಲ ಹಸನಾದ ಮೇಲೆ ಬಿಚ್ಚಿ ಬಿಟ್ಟಿ. ಅದಕ್ಕೆ ನನ್ನ ಆರತಿಯನ್ನೂ ದೇವರನ್ನೂ ಸಾಕ್ಷಿಗೆ ನಿಲ್ಲಿಸಿದಿ.

ಆ ದಿನ ನಿನ್ನ ಮನೆಯಿಂದ ಹೊರಬಿದ್ದಾಗ ದನದ ಕೊಟ್ಟಿಗೆಯ ಹತ್ತಿರ ಸುಂದರಾ ಬಂದು ಕಾಲಿಗೆ ಬಿದ್ದಳು. ನಾನು ಕೇಳಿದೆ, "ನಿನಗ ಆ ಹುಡಗ ಒಪ್ಪಿಗಿ ಅದಾನೇನ ಮಗಳ?" ಆಕೆ ಅಂಗಳದಲ್ಲಿ ಅರಿವೆ ಮುಚ್ಚಿ ನಿಲ್ಲಿಸಿದ್ದ ಬುಲೆಟ್ ಕಡೆ ನೋಡಿದಳು. "ಅತ್ತಿ, ಅದನ್ನ ಯಾರರೆ ಕೇಳಿದಾರೇನು, ನೀ ಯಾರ ಮನಿಗೆ ಹೊಕ್ಕಿ ಅಂತ?" ಅಂದಳು. ಅತ್ತಳೇನು? ಇಲ್ಲ. ನಿನ್ನ ಮಗಳು ನಿನ್ನ ಹಾಗೆಯೇ ಗಟ್ಟಿ. ಆದರೆ ಆಕೆ ಬಾಯಿಬಿಟ್ಟು ಹೇಳಿದಳು.

ಇನ್ನು ಸಣ್ಣ ಗಾಡಿಯ ಮಾತು. ಭರಮು ಪತ್ರಿಕೆ ತಂದದ್ದು ಅದರ ಮೇಲೆ. ಚಹಾ ಕೊಟ್ಟ ಮೇಲೆ ಅವನಿಗೆ ಹೇಳಿದೆ, "ಗಾಡಿ ಇಲ್ಲೇ ಬಿಟ್ಟ ಹೋಗು." ಅವನು ಟೊಪ್ಪಿಗೆ ತಲೆಗಿಟ್ಟುಕೊಂಡು, "ಅದಕ್ಕಽ ತಂದೀನ್ರಿ ಅಕ್ಕಾರ. ಹೆಂಗ ಕೇಳಲಿ ಅನ್ನಾಕತ್ತಿದ್ನಿ, ನೀವಽ ಅಂದ್ರಿ" ಅಂದು ನಿಶ್ಚಿಂತನಾಗಿ ಬಸ್ಸು ಹತ್ತಿದ. ಅವನನ್ನು ಬೈಯಬೇಡ. ಬೈಯುವುದಿದ್ದರೆ ನನ್ನನ್ನು ಬೈಯಿ. ಆ ಗಾಡಿ ನನ್ನ ಮಗನದು, ನಾನೇ ಇಟ್ಟುಕೊಂಡಿದ್ದೇನೆ.

ನಿನ್ನೆ ವಿರುಪಾಕ್ಷಿ ನನ್ನನ್ನು ಅದರ ಮೇಲೆ ಕೂಡಿಸಿಕೊಂಡು ಸಂತೆಗೆ ಕರೆದೊಯ್ದ. ಕಾಲುವೆಯ ತಿರುವಿನಲ್ಲಿ ಒಮ್ಮೆಲೆ ಗಾಡಿ ಜಗ್ಗಿ ನಿಂತಿತು. ನನ್ನ ಹಣೆ ಅವನ ಬೆನ್ನಿಗೆ ಬಡಿಯಿತು. "ಯಾಕೋ, ಅಡ್ಡ ಏನ ಬಂತು?" ಅಂದೆ. ಅಡ್ಡ ಏನೂ ಬಂದಿರಲಿಲ್ಲ. ಅವನ ಬಲಗಾಲು ಗೇರು ಹುಡುಕುತ್ತ ಹೋಗಿ ಬ್ರೇಕು ಒತ್ತಿತ್ತು. ಅವನು ತಿರುಗಿ ನೋಡದೆ, "ಕಾಲಿಗೆ ಇನ್ನೂ ತಿಳಿದಿಲ್ಲವ್ವಾ" ಅಂದ. ನಾನು ಅವನ ಬೆನ್ನಿಗೆ ಹಣೆ ಹಚ್ಚಿಕೊಂಡೇ ಇದ್ದೆ. ಆಮೇಲೆ ಅವನು ಮೆಲ್ಲಗೆ, ತನಗೇ, "ಎಡಗಾಲು ಗೇರು, ಬಲಗಾಲು ಬ್ರೇಕು" ಅಂದುಕೊಂಡು ಗಾಡಿ ಬಿಟ್ಟ.

ನಿನ್ನ ಮಾತಿಗೆ ನನ್ನ ಉತ್ತರ ಕೇಳು.

ನಾನು ಲಗ್ನಕ್ಕೆ ಬರುತ್ತೇನೆ. ನಿನ್ನ ಕರೆಗೆ ಅಲ್ಲ. ತೊಟ್ಟಿಲಿಗೆ ಬಗ್ಗಿ ಆ ಕಿವಿಯಲ್ಲಿ ಹೆಸರು ಹೇಳಿದವಳೂ, ಆ ತಲೆಯ ಮೇಲೆ ಅಕ್ಕಿಕಾಳು ಹಾಕಬೇಕಾದವಳೂ ನಾನೇ. ಸುಂದರಾಳಿಗೆ ಆರತಿ ಬೆಳಗುತ್ತೇನೆ. ಆಕೆಯ ಗಂಡನಿಗೂ ಬೆಳಗುತ್ತೇನೆ, ಅವನು ನನಗೇನೂ ಮಾಡಿಲ್ಲ. ಗಾಡಿಗೆ ಬೆಳಗುವುದಿಲ್ಲ. ಅದಕ್ಕೆ ಒಮ್ಮೆ ಬೆಳಗಿದ್ದೇನೆ, ಒಬ್ಬನ ಹೆಸರು ಹೇಳಿ. ದೇವರ ಮುಂದೆ ಹೇಳಿದ ಹೆಸರನ್ನು ಅಳಿಸಿ ಇನ್ನೊಂದು ಹೆಸರು ಹೇಳಲಿಕ್ಕೆ ನನಗೆ ಬರುವುದಿಲ್ಲ. ಅದು ನಿನಗೆ ಬರುತ್ತದೆ, ನೀನೇ ತಟ್ಟೆ ಹಿಡಿ. ಬೀಗರು ಕೇಳಿದರೆ, ಇದರ ಆರತಿ ಮೊದಲೇ ಆಗಿದೆ ಅಂತ ನಾನೇ ಹೇಳುತ್ತೇನೆ. ಗಂಗೂಬಾಯಿ ಅಲ್ಲೇ ಇರುತ್ತಾಳೆ, ನನ್ನ ಗುರುತು ಹಿಡಿಯುತ್ತಾಳೆ. ಆಗ ನೀನು ಏನು ಹೇಳುತ್ತೀಯೋ, ಸುಮ್ಮನಿರುತ್ತೀಯೋ, ಅದು ನಿನಗೆ ಬಿಟ್ಟದ್ದು.

ಊಟಕ್ಕೆ ನಮ್ಮನ್ನು ಕರೆಯಬೇಡ. ಪಂಚಮಿಗೆ ಉಂಡಿಯ ಬುಟ್ಟಿ ಕಳಿಸಬೇಡ. ತಾರವ್ವನಿಗೆ ಹೇಳು, ಆಕೆಯ ಮೇಲೆ ನನಗೆ ಏನೂ ಇಲ್ಲ, ಆದರೆ ಆ ಹೊಸ್ತಿಲ ಒಳಗಿನ ನೀರು ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ವಿರುಪಾಕ್ಷಿ ನಿಪ್ಪಾಣಿಯ ಹುಡುಗನಿಗೆ ಒಂದು ಮಾತು ಹೇಳಿದ್ದಾನೆ, ಬರಿ ಅಂದ, ಬರೆದಿದ್ದೇನೆ. ಮುಂಜಾನೆ ಗಾಡಿ ತಣ್ಣಗಿದ್ದಾಗ ಒಮ್ಮೆಲೆ ಕಿಕ್ ಹೊಡೆಯಬಾರದಂತೆ. ಮೊದಲು ಎರಡು ಸಲ ಖಾಲಿ ತುಳಿದು ಆಮೇಲೆ ಚಾಲೂ ಮಾಡಬೇಕಂತೆ. ಇಲ್ಲದಿದ್ದರೆ ಕಾಲಿಗೆ ಒದೆಯುತ್ತದಂತೆ. ಹಿಂದೆ ಸುಂದರಾ ಕುಂತಾಗ ಉಸುಕಿನ ದಾರಿಯಲ್ಲಿ ಎಡಗಾಲ ಬ್ರೇಕು ಒಮ್ಮೆಲೆ ಒತ್ತಬಾರದಂತೆ. ಇದನ್ನಾದರೂ ಅವನಿಗೆ ಮುಟ್ಟಿಸು. ಇದರಲ್ಲಿ ಸುಮ್ಮನಿರಬೇಡ.

ಲಗ್ನದ ಮುಂಜಾನೆ ನಿನ್ನ ಓಣಿಯಲ್ಲಿ ಹೊಲಿಗೆ ಮಶೀನಿನಂಥ ಸಪ್ಪಳ ಕೇಳಿದರೆ ಅದು ನಾವು. ಹಂದರದ ಹೊರಗೆ ಇಳಿಯುತ್ತೇವೆ, ಅಕ್ಕಿಕಾಳು ಹಾಕಿ ಹೊರಡುತ್ತೇವೆ.

ಸುಂದರಾ ಮುತ್ತೈದೆಯಾಗಿ ಬಾಳಲಿ, ಆಕೆಯ ಮಾತು ಕೇಳುವವರು ಆ ಮನೆಯಲ್ಲಿ ಸಿಗಲಿ. ಯಡೂರ ವೀರಭದ್ರ ನಿನಗೆ ಕೆಡುಕು ಮಾಡದಿರಲಿ, ಅದನ್ನು ದಿನಾ ಬೇಡಿಕೊಳ್ಳುತ್ತೇನೆ. ಒಳ್ಳೆಯದು ಮಾಡು ಅಂತ ಬೇಡಲಿಕ್ಕೆ ನನಗೆ ಇನ್ನೂ ಸ್ವಲ್ಪ ದಿವಸ ಬೇಕು, ತಮ್ಮಾ.

ನಿನ್ನನ್ನು ಟೊಂಕದ ಮೇಲೆ ಎತ್ತಿ ಆಡಿಸಿದ ಅಕ್ಕ,
ಚನ್ನವ್ವ